ಪೆನಿಸಿಲಿನ್ ಕೊಟ್ಟ ಹಸುವಿನ ಹಾಲು ಯಾಕೆ ಮೊಸರಾಗಲಿಲ್ಲ?

ಪ್ರಶ್ನೆ: ನಮ್ಮ ಹಸುವಿಗೆ ಕೆಚ್ಚಲು ಬಾವು ಬಂದಿತ್ತು. ಡಾಕ್ಟರು ತೊಟ್ಟಿನೊಳಗೆ ಪೆನಿಸಿಲಿನ್ ಟ್ಯೂಬ್ ಬಿಟ್ಟರು, ಹಾಲನ್ನು ಡೈರಿಗೆ ಹಾಕಬೇಡಿ ಅಂದರು. ಚೆಲ್ಲೋಕೆ ಮನಸ್ಸಾಗದೆ ಚೆನ್ನಾಗಿ ಕಾಯಿಸಿ ಹೆಪ್ಪು ಹಾಕಿದೆವು. ಮಾರನೇ ದಿನವೂ ಗಟ್ಟಿಯಾಗಲಿಲ್ಲ, ಕೆಟ್ಟ ವಾಸನೆ ಬೇರೆ. ‘ಈ ಔಷಧಿ ಬ್ಯಾಕ್ಟೀರಿಯಾದ ಗೋಡೆ ಒಡೆಯುತ್ತೆ’ ಅಂದರು ಡಾಕ್ಟರು. ಅಷ್ಟು ಚಿಕ್ಕ ಜೀವಿಗೆ ಗೋಡೆ ಯಾಕೆ? ಕಾಯಿಸಿದ ಮೇಲೂ ಔಷಧಿ ಉಳಿಯುತ್ತಾ?
– ಓದುಗರೊಬ್ಬರು, ಚಿಂತಾಮಣಿ ತಾಲ್ಲೂಕು

ಉತ್ತರ: ಉಳಿಯುತ್ತದೆ. ಒಂದು ಕುದಿ ಬರಿಸಿದರೂ ಹೆಪ್ಪಿನ ಕೆಲಸ ಕೆಡಿಸುವಷ್ಟು ಪೆನಿಸಿಲಿನ್ ಹಾಲಿನಲ್ಲಿ ಹಾಗೇ ಇರುತ್ತದೆ. ಇನ್ನು ಗೋಡೆಯ ವಿಷಯ.

ಬ್ಯಾಕ್ಟೀರಿಯಾದ ಒಳಗೆ ಲವಣ, ಸಕ್ಕರೆ, ಪ್ರೋಟೀನು ಒತ್ತಾಗಿ ತುಂಬಿರುತ್ತವೆ. ಹಾಗಾಗಿ ಹೊರಗಿನ ನೀರು ಒಳಕ್ಕೆ ನುಗ್ಗುತ್ತಲೇ ಇರುತ್ತದೆ. ಕೆಲವು ಬ್ಯಾಕ್ಟೀರಿಯಾಗಳಲ್ಲಿ ಈ ಒತ್ತಡ ನಮ್ಮ ಸುತ್ತಲ ಗಾಳಿಯ ಒತ್ತಡದ ಸುಮಾರು 20 ಪಟ್ಟು. ಒಳಪೊರೆ ತೀರಾ ತೆಳು, ಅದಕ್ಕೆ ಇದನ್ನು ತಡೆಯುವ ಶಕ್ತಿ ಇಲ್ಲ. ತಡೆಯುವುದು ಗೋಡೆ. ಎರಡು ಬಗೆಯ ಸಕ್ಕರೆ ಅಣುಗಳು ಒಂದಾದ ಮೇಲೊಂದು ಸೇರಿ ಉದ್ದನೆಯ ಎಳೆಗಳಾಗುತ್ತವೆ. ಎಳೆಗಳಿಂದ ಅಮೈನೊ ಆಮ್ಲಗಳ ಪುಟ್ಟ ಬಾಲಗಳು ಹೊರಟಿರುತ್ತವೆ. ಒಂದು ಎಳೆಯ ಬಾಲವನ್ನು ಪಕ್ಕದ ಎಳೆಯ ಬಾಲಕ್ಕೆ ಒಂದು ಕಿಣ್ವ ಕಟ್ಟುತ್ತದೆ. ಹೀಗೆ ಇಡೀ ಜೀವಕೋಶವನ್ನು ಸುತ್ತುವರಿದ ಜಾಲಕ್ಕೆ ಪೆಪ್ಟಿಡೋಗ್ಲೈಕಾನ್ ಅಂತ ಹೆಸರು.

ಕಷ್ಟ ಇರುವುದು ಬೆಳೆಯುವಾಗ. ದೊಡ್ಡದಾಗಬೇಕಾದರೆ ಇರುವ ಗಂಟುಗಳನ್ನು ಬಿಚ್ಚಿ ಹೊಸ ಎಳೆ ಸೇರಿಸಲೇಬೇಕು. ಅದೂ ಒಳಗಿನ ಒತ್ತಡ ಹಾಗೇ ಇರುವಾಗ! ರಾಗಿ ಬಿಗಿಯಾಗಿ ತುಂಬಿದ ಮೂಟೆಯ ಹೊಲಿಗೆ ಬಿಚ್ಚಿ, ತುಂಡು ಸೇರಿಸಿ, ಒಂದು ಕಾಳೂ ಚೆಲ್ಲದ ಹಾಗೆ ಮತ್ತೆ ಹೊಲಿದಂತೆ ಇದು. ಒಳ್ಳೆ ಆಹಾರ, ಹದವಾದ ಬಿಸಿ ಸಿಕ್ಕರೆ ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾ ಇಷ್ಟೆಲ್ಲ ಮಾಡಿಕೊಂಡು 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಎಷ್ಟು ಸಲ ಓದಿದರೂ ನನಗೆ ಇದು ಅಚ್ಚರಿಯೇ.

ಪೆನಿಸಿಲಿನ್ ಕೈ ಹಾಕುವುದು ಇಲ್ಲೇ. ಅದರ ಆಕಾರ ಆ ಬಾಲದ ತುದಿಯನ್ನೇ ಹೋಲುತ್ತದೆ. ಕಟ್ಟುವ ಕಿಣ್ವ ಮೋಸಹೋಗಿ ಅದನ್ನು ಹಿಡಿದು ಅಲ್ಲೇ ಸಿಕ್ಕಿಬೀಳುತ್ತದೆ. ಬಿಚ್ಚುವ ಕಿಣ್ವಗಳು ಮಾತ್ರ ಕೆಲಸ ನಿಲ್ಲಿಸುವುದಿಲ್ಲ. ಗೋಡೆ ಸಡಿಲವಾಗುತ್ತದೆ, ಒಳಗಿನ ಒತ್ತಡಕ್ಕೆ ಕೋಶ ಒಡೆಯುತ್ತದೆ. ಕೊಲ್ಲುವುದು ಈ ಒತ್ತಡವೇ ಅನ್ನುವುದಕ್ಕೆ ವಿಜ್ಞಾನಿ ಜೋಶುವಾ ಲೆಡರ್‌ಬರ್ಗ್ 1956ರಲ್ಲಿ ತೋರಿಸಿದ ಪ್ರಯೋಗ ಸಾಕು. ಸಕ್ಕರೆ ಜಾಸ್ತಿ ಇರುವ ದ್ರವದಲ್ಲಿ ಇ. ಕೋಲಿಗೆ ಪೆನಿಸಿಲಿನ್ ಕೊಟ್ಟಾಗ ಅವು ಒಡೆಯಲಿಲ್ಲ, ಉದ್ದ ಇದ್ದವು ಉಂಡೆಯಾದವು. ಔಷಧಿ ತೆಗೆದ ಮೇಲೆ ಮತ್ತೆ ಮೊದಲಿನ ಆಕಾರಕ್ಕೆ ಬಂದವು.

ಈಗ ನಿಮ್ಮ ಮೊಸರು. ಹಾಲನ್ನು ಮೊಸರು ಮಾಡುವ ಬ್ಯಾಕ್ಟೀರಿಯಾಗಳದ್ದು ದಪ್ಪ ಗೋಡೆ, ಹೊರಗೆ ಬೇರೆ ಪೊರೆ ಇಲ್ಲ. ಉಗುರುಬೆಚ್ಚಗಿನ ಹಾಲಿಗೆ ಬಿದ್ದ ಕೂಡಲೇ ಬೆಳೆಯಲು ಶುರುಮಾಡುತ್ತವೆ. ಬೆಳೆಯುವಾಗಲೇ ಅಲ್ವಾ ಪೆನಿಸಿಲಿನ್ ಹಿಡಿಯುವುದು? ಹುಳಿ ಹುಟ್ಟಲಿಲ್ಲ, ಹಾಲು ಗಟ್ಟಿಯಾಗಲಿಲ್ಲ. ಪೆನಿಸಿಲಿನ್‌ಗೆ ಜಗ್ಗದ ಬೇರೆ ಸೂಕ್ಷ್ಮಜೀವಿಗಳು ಆ ಜಾಗದಲ್ಲಿ ಬೆಳೆದವು, ವಾಸನೆ ಅವುಗಳದ್ದು.

ನಮ್ಮ ಜೀವಕೋಶಕ್ಕೆ ಈ ಗೋಡೆ ಇಲ್ಲ, ಹಾಗಾಗಿ ಪೆನಿಸಿಲಿನ್ ನಮ್ಮನ್ನು ಹೀಗೆ ಒಡೆಯುವುದಿಲ್ಲ. ಆದರೂ ಆ ಹಾಲು ಬೇಡ. ಪೆನಿಸಿಲಿನ್ ಅಲರ್ಜಿ ಇರುವವರಿಗೆ ಅಪಾಯ. ಒಬ್ಬರ ಹಾಲು ಡೈರಿಯ ಕ್ಯಾನಿಗೆ ಸೇರಿದರೆ ಊರಿನವರ ಹಾಲೆಲ್ಲ ಕೆಡುತ್ತದೆ. ಟ್ಯೂಬಿನ ಡಬ್ಬಿಯ ಮೇಲೆ ಬರೆದಷ್ಟು ದಿನ, ಒಂದೇ ತೊಟ್ಟಿಗೆ ಬಿಟ್ಟಿದ್ದರೂ ನಾಲ್ಕೂ ತೊಟ್ಟಿನ ಹಾಲನ್ನು ಚೆಲ್ಲಿ. ಕರುವಿಗೂ ಕುಡಿಸಬೇಡಿ.

ಪ್ರಶ್ನೆ: ಅದೇ ಟ್ಯೂಬ್ ಪಕ್ಕದ ಮನೆಯ ಹಸುವಿಗೆ ನಾಟಲಿಲ್ಲ. ಯಾಕೆ?

ಉತ್ತರ: ಕೆಚ್ಚಲು ಬಾವು ತರುವ ಬ್ಯಾಕ್ಟೀರಿಯಾ ಒಂದೇ ಬಗೆಯದ್ದಲ್ಲ. ಇ. ಕೋಲಿಯ ಗೋಡೆ ತೆಳು, ಆದರೆ ಅದರ ಹೊರಗೆ ಇನ್ನೊಂದು ಪೊರೆ ಇದೆ. ಹಳೆಯ ಪೆನಿಸಿಲಿನ್ ಅದನ್ನು ದಾಟುವುದು ಕಷ್ಟ. ಮೈಕೋಪ್ಲಾಸ್ಮಾ ಅನ್ನುವ ಬ್ಯಾಕ್ಟೀರಿಯಾಗೆ ಗೋಡೆಯೇ ಇಲ್ಲ, ಅಲ್ಲಿ ಪೆನಿಸಿಲಿನ್‌ಗೆ ಏನೂ ಕೆಲಸವಿಲ್ಲ. ಇನ್ನು ಕೆಲವು ಪೆನಿಸಿಲಿನ್ನನ್ನೇ ಕತ್ತರಿಸುವ ಕಿಣ್ವ ಇಟ್ಟುಕೊಂಡಿರುತ್ತವೆ. ಇನ್ನೊಂದು ಟ್ಯೂಬ್ ಬಿಡುವ ಮೊದಲು ಆ ಹಸುವಿನ ಹಾಲನ್ನು ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಲು ಹೇಳಿ.