‘ಪಿಂಗ್ ಮಾಡಿ’ ಎಂದರೆ ಏನು ಮಾಡುವುದು?

ಪ್ರಶ್ನೆ: ಆಫೀಸಿನಲ್ಲಿ ‘ಕೆಲಸ ಮುಗಿದ ಮೇಲೆ ಪಿಂಗ್ ಮಾಡಿ’ ಎನ್ನುತ್ತಾರೆ. ಆನ್‌ಲೈನ್ ಆಟದಲ್ಲಿ ಸೋತ ಮಗ ‘ಪಿಂಗ್ ಜಾಸ್ತಿ’ ಎಂದು ಗೊಣಗುತ್ತಾನೆ. ಇಂಟರ್ನೆಟ್ ಕೈಕೊಟ್ಟರೆ ತಂತ್ರಜ್ಞರು ‘ರೌಟರ್‌ಗೆ ಪಿಂಗ್ ಕೊಟ್ಟು ನೋಡಿ’ ಎನ್ನುತ್ತಾರೆ. ಮೂರೂ ಒಂದೇ ಪಿಂಗೇ?

ಉತ್ತರ: ಬೇರು ಒಂದೇ. ಸೋನಾರ್ ನೀರಿನೊಳಗೆ ಸದ್ದು ಬಿಟ್ಟು, ಅದು ತಾಗಿ ಮರಳುವ ಹೊತ್ತಿನಿಂದ ದೂರ ಲೆಕ್ಕ ಹಾಕುತ್ತದೆ. ಆ ಸದ್ದೇ ಪಿಂಗ್. 1983ರ ಡಿಸೆಂಬರ್‌ನಲ್ಲಿ ಅಮೆರಿಕದ ಮೈಕ್ ಮ್ಯೂಸ್, ನೆಟ್‌ವರ್ಕ್ ದೋಷ ಹುಡುಕಲು ಬರೆದ ಪುಟ್ಟ ಪ್ರೋಗ್ರಾಂಗೆ ಇದೇ ಹೆಸರಿಟ್ಟರು. ಇದು ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ಆದದ್ದು ಎಂಬ ವಿವರಣೆ ಆಮೇಲೆ ಹೊಂದಿಸಿದ್ದು.

ಆಫೀಸಿನ ಪಿಂಗ್‌ನಲ್ಲಿ ಅಳತೆಯೇನೂ ಇಲ್ಲ, ಚುಟುಕಾಗಿ ಸಂದೇಶ ಕಳಿಸಿ ಎಂದಷ್ಟೇ.

ಮಗ ಹೇಳುವುದು ಸಂದೇಶ ಸರ್ವರ್‌ಗೆ ಹೋಗಿ ಬರಲು ಹಿಡಿಯುವ ಸಮಯ, ಮಿಲಿಸೆಕೆಂಡ್ ಲೆಕ್ಕದಲ್ಲಿ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ಸರ್ವರ್ 5,000 ಕಿ.ಮೀ. ಆಚೆಗಿದ್ದರೆ ಹೋಗಿ ಬರಲು 50 ಮಿಲಿಸೆಕೆಂಡ್ ಬೇಕೇ ಬೇಕು. ದುಬಾರಿ ಪ್ಲಾನ್ ಹಾಕಿಸಿದರೂ ಅದು ಇಳಿಯದು. ಆಟದೊಳಗೆ ಹತ್ತಿರದ ಸರ್ವರ್ ಆರಿಸಿದರೆ ಇಳಿಯುತ್ತದೆ. ಮನೆಯಲ್ಲಿ ಬೇರೆಯವರು ದೊಡ್ಡ ವಿಡಿಯೊ ಅಪ್‌ಲೋಡ್ ಮಾಡುತ್ತಿದ್ದರೆ ಸಂದೇಶಗಳು ರೌಟರ್‌ನಲ್ಲಿ ಸಾಲು ನಿಂತು ಪಿಂಗ್ ಏರುವುದೂ ಉಂಟು. ಒಂದೇ ಸಮನಾದ 80, ಆಟಕ್ಕೆ 30ರಿಂದ 200ಕ್ಕೆ ಜಿಗಿಯುವ ಪಿಂಗ್‌ಗಿಂತ ವಾಸಿ.

ಇನ್ನು ತಂತ್ರಜ್ಞರ ಪಿಂಗ್. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಐಪಿಕಾನ್ಫಿಗ್’ (ipconfig) ಕೊಡಿ. ‘ಡೀಫಾಲ್ಟ್ ಗೇಟ್‌ವೇ’ ಎದುರಿಗಿರುವುದೇ ರೌಟರ್ ವಿಳಾಸ, ಹೆಚ್ಚಾಗಿ 192.168.1.1ರಂಥದ್ದು. ‘ಪಿಂಗ್’ (ping) ಎಂದು ಬರೆದು, ಜಾಗ ಬಿಟ್ಟು, ಆ ವಿಳಾಸ ಕೊಟ್ಟರೆ 32 ಬೈಟ್‌ನ ನಾಲ್ಕು ಸಂದೇಶ ಹೋಗುತ್ತವೆ. (ಲಿನಕ್ಸ್‌ನಲ್ಲಿ ಕಂಟ್ರೋಲ್-ಸಿ ಒತ್ತುವವರೆಗೂ ನಿಲ್ಲುವುದಿಲ್ಲ.) ಇಲ್ಲೇ ಕೆಲವು ಕಳೆದುಹೋದರೆ ಮೊದಲು ವೈಫೈ ಮೇಲೆ ಅನುಮಾನಪಡಿ, ಕೇಬಲ್ ಚುಚ್ಚಿ ಮತ್ತೆ ನೋಡಿ. ರೌಟರ್ ಸರಿಯಾಗಿ ಉತ್ತರಿಸಿದರೆ ಗೂಗಲ್‌ನ ಸಾರ್ವಜನಿಕ ಸರ್ವರ್ ವಿಳಾಸವಾದ 8.8.8.8ಕ್ಕೆ ಕೊಡಿ. ಉತ್ತರ ಬಾರದಿದ್ದರೆ ತೊಂದರೆ ರೌಟರ್‌ನಿಂದ ಆಚೆಗಿರುವ ಸಂಭವವೇ ಹೆಚ್ಚು. ಅದಕ್ಕೂ ಉತ್ತರ ಬಂದು, ಜಾಲತಾಣದ ಹೆಸರು ಕೊಟ್ಟಾಗ ‘ಹೋಸ್ಟ್ ಸಿಗಲಿಲ್ಲ’ ಎಂದರೆ ಲೈನ್ ಸರಿಯಿದೆ, ಹೆಸರನ್ನು ವಿಳಾಸವಾಗಿಸುವ ಡಿಎನ್‌ಎಸ್ ಕೆಟ್ಟಿದೆ.

‘ರಿಕ್ವೆಸ್ಟ್ ಟೈಮ್ಡ್ ಔಟ್’ (ಕಾದರೂ ಉತ್ತರ ಬರಲಿಲ್ಲ) ಎಂದು ಬಂದ ಮಾತ್ರಕ್ಕೆ ಆಚೆಯ ಯಂತ್ರ ಸತ್ತಿದೆ ಎನ್ನಬೇಡಿ. ಎಷ್ಟೋ ಸರ್ವರ್‌ಗಳ ಫೈರ್‌ವಾಲ್, ಅಂದರೆ ಸಂದೇಶಗಳನ್ನು ಸೋಸುವ ಕಾವಲು ವ್ಯವಸ್ಥೆ, ಪಿಂಗ್‌ಗೆ ಉತ್ತರ ಕೊಡಲು ಬಿಡುವುದೇ ಇಲ್ಲ. ಬ್ರೌಸರ್‌ನಲ್ಲಿ ಪುಟ ತೆರೆಯುತ್ತದೆಯೇ ನೋಡಿ.