ನೀಲಿ ಗೆರೆ, ಕೆಂಪು ಗೆರೆ, ಬೀರುವಿನ ಹಿಂದಿನ ಗೆರೆ

ಪ್ರಶ್ನೆ: ಸಿಂಹಗಡ ರಸ್ತೆಯಲ್ಲಿ ಮುಠಾ ನದಿ ಹತ್ತಿರ ನಮ್ಮ ಹಳೆ ಸೊಸೈಟಿ ಇದೆ. ನಾವು ವಿಜಯಪುರದ ಕಡೆಯವರು, ಪುಣೆಗೆ ಬಂದು 22 ವರ್ಷ ಆಯಿತು. 2024ರ ಜುಲೈನಲ್ಲಿ ನೆಲಮಹಡಿಯ ನಮ್ಮ ಮನೆಗೆ ನೀರು ನುಗ್ಗಿತ್ತು. ಆ ಕೆಸರಿನ ಗೆರೆ ಬೀರುವಿನ ಹಿಂದೆ ಇನ್ನೂ ಹಾಗೇ ಇದೆ. ಈಗ ರೀಡೆವಲಪ್‌ಮೆಂಟ್ ಮಾತು ನಡೆದಿದೆ. ಪ್ರವಾಹದ ಕೆಂಪು ಗೆರೆ ಬರೀ ಕಾಗದದ ಮೇಲಿನದು, ಹೇಗೂ ನಿಯಮ ಬದಲಾಗುತ್ತವೆ, ಸಹಿ ಹಾಕಿ ಅನ್ನುತ್ತಾರೆ ಬಿಲ್ಡರ್. ಏನು ಕೇಳಬೇಕು ಅಂತಾನೇ ಗೊತ್ತಾಗುತ್ತಿಲ್ಲ ಸರ್.
— ಓದುಗರು, ಪುಣೆ

ಉತ್ತರ: ಮೊದಲು ಆ ಬೀರು ಸರಿಸಿ. ಗೆರೆ ನೆಲದಿಂದ ಎಷ್ಟು ಎತ್ತರಕ್ಕಿದೆ ಅಂತ ಟೇಪ್ ಹಿಡಿದು ಅಳೆಯಿರಿ, ಟೇಪ್ ಕಾಣುವ ಹಾಗೆ ಫೋಟೊ ತೆಗೆಯಿರಿ. ಮನೆ ಒಡೆದ ಮೇಲೆ ಆ ಸಾಕ್ಷಿ ಮತ್ತೆ ಸಿಗುವುದಿಲ್ಲ.

ಈಗ ಕಾಗದದ ಗೆರೆಗಳು. ಜಲಸಂಪನ್ಮೂಲ ಇಲಾಖೆ ನದಿಗೆ ಎರಡು ಗೆರೆ ಎಳೆಯುತ್ತದೆ. 25 ವರ್ಷಕ್ಕೊಮ್ಮೆ ಬರುವಂಥ ಪ್ರವಾಹದ ಲೆಕ್ಕಕ್ಕೆ ನೀಲಿ, 100 ವರ್ಷಕ್ಕೊಮ್ಮೆ ಬರುವಂಥದ್ದಕ್ಕೆ ಕೆಂಪು. ನೂರು ವರ್ಷ ಅಂದ ಕೂಡಲೇ ನಮ್ಮ ಕಾಲಕ್ಕೆ ಬರಲಿಕ್ಕಿಲ್ಲ ಅಂದುಕೊಳ್ಳುತ್ತೇವೆ, ಅಲ್ವಾ? ಹಾಗಲ್ಲ. ಪ್ರತಿ ವರ್ಷವೂ ನೂರರಲ್ಲಿ ಒಂದು ಪಾಲು ಸಾಧ್ಯತೆ ಇದ್ದೇ ಇರುತ್ತದೆ. ಆ ಮನೆಯಲ್ಲಿ 30 ವರ್ಷ ಬಾಳಿದರೆ ಒಮ್ಮೆಯಾದರೂ ಅಂಥ ನೀರು ನೋಡುವ ಸಾಧ್ಯತೆ ಸುಮಾರು ನಾಲ್ಕರಲ್ಲಿ ಒಂದು. ಹೋಮ್ ಲೋನ್ ಮುಗಿಯುವುದರೊಳಗಿನ ಮಾತು ಇದು.

ಮುಂಬೈ ಬಿಟ್ಟು ಮಹಾರಾಷ್ಟ್ರದ ಬಹುಪಾಲು ಊರುಗಳಿಗೆ 2020ರಲ್ಲಿ ಒಂದೇ ಕಟ್ಟಡ ನಿಯಮ ಬಂತು. ಅದರ ಪ್ರಕಾರ ದಡದಿಂದ ನೀಲಿ ಗೆರೆವರೆಗಿನ ಜಾಗ ಸಾಮಾನ್ಯವಾಗಿ ತೋಟ, ಮೈದಾನದಂಥ ಬಯಲಿಗೆ; ಅಲ್ಲಿ ಮೊದಲೇ ಇರುವ ಅಧಿಕೃತ ಕಟ್ಟಡದ ರೀಡೆವಲಪ್‌ಮೆಂಟ್‌ಗೆ ಇಲಾಖೆಯ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ ಬೇಕು. ನೀಲಿ, ಕೆಂಪು ನಡುವೆ ಕಟ್ಟಬಹುದು, ಆದರೆ ಪ್ಲಿಂತ್, ಅಂದರೆ ಕಟ್ಟಡದ ನೆಲಗಟ್ಟು, ಕೆಂಪು ಗೆರೆಯ ಮಟ್ಟಕ್ಕಿಂತ 0.45 ಮೀಟರ್ ಮೇಲಿರಬೇಕು. ನಿಮ್ಮ ಪ್ಲಾಟು ಯಾವ ಗೆರೆಯ ಯಾವ ಕಡೆ ಬೀಳುತ್ತದೆ, ಅಲ್ಲಿ ಕೆಂಪು ಗೆರೆಯ ಮಟ್ಟ ಎಷ್ಟು, ಈ ಎರಡನ್ನೂ ಬರವಣಿಗೆಯಲ್ಲಿ ತರಿಸಿಕೊಳ್ಳಿ. ನಕ್ಷೆ ಮೇಲೆ ಬಣ್ಣದ ಗೆರೆ ತೋರಿಸಿದರೆ ಸಾಲದು, ಮಟ್ಟದ ಸಂಖ್ಯೆ ಬೇಕು. ನೀಲಿ ಗೆರೆಯ ಒಳಗಿದ್ದರಂತೂ ಇಲಾಖೆಯ ಎನ್‌ಒಸಿ ಕಣ್ಣಾರೆ ನೋಡದೆ ಸಹಿ ಹಾಕಲೇಬೇಡಿ.

ಆಮೇಲೆ ಇನ್ನೊಂದು ಪ್ರಶ್ನೆ ಕೇಳಿ, ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. ಆ ಎತ್ತರ ಹೇಗೆ ಬರುತ್ತದೆ? ಕಂಬಗಳ ಮೇಲೋ, ಗರಸು ತುಂಬಿಯೋ? ಕಂಬದ ಮೇಲಾದರೆ ನೀರು ಅಡಿಯಿಂದ ಹಾದು ಹೋಗುತ್ತದೆ. ಪ್ಲಾಟಿನ ತುಂಬ ಗರಸು ಸುರಿದು ಎತ್ತರ ಮಾಡಿದರೆ ನಿಮ್ಮ ಮನೆ ಉಳಿಯುತ್ತದೆ, ಆದರೆ ಅಷ್ಟೂ ನೀರು ಪಕ್ಕದ ಹಳೆ ಚಾಳಿಗೆ ನುಗ್ಗುತ್ತದೆ, ಅವರು ನಾಳೆ ಎತ್ತರ ಮಾಡಿಕೊಂಡರೆ ಅದರಾಚೆಯವರಿಗೆ. ನಿಯಮ ಬದಲಾಗಬೇಕು ಅಂತ ನಾನೂ ಹೇಳುತ್ತೇನೆ. ಆದರೆ ಗೆರೆಯನ್ನು ನದಿ ಕಡೆಗೆ ತಳ್ಳುವುದಕ್ಕಲ್ಲ. ಒಂದೊಂದೇ ಪ್ಲಾಟು ನೋಡಿ ಪರವಾನಗಿ ಕೊಡುವುದು ನಿಂತು, ಇಡೀ ದಡಕ್ಕೆ ಎಷ್ಟು ಭರಾವು, ಅಂದರೆ ತುಂಬುವ ಮಣ್ಣು-ಗರಸು, ಬೀಳುತ್ತಿದೆ ಅಂತ ಲೆಕ್ಕ ಇಡುವುದಕ್ಕೆ.

2024ರ ಜುಲೈ 25ರಂದು ಖಡಕವಾಸಲಾ ಅಣೆಕಟ್ಟೆಯಿಂದ ಮುಠಾ ನದಿಗೆ ಬಿಟ್ಟ ನೀರು ಸುಮಾರು 35,000 ಕ್ಯೂಸೆಕ್ ಮುಟ್ಟಿತ್ತು. ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 10 ಲಕ್ಷ ಲೀಟರ್. ಸಿಂಹಗಡ ರಸ್ತೆಯ ಏಕತಾ ನಗರಿಯ ಮನೆಗಳಿಗೆ ನುಗ್ಗಿದ್ದು ಆ ನೀರು. ಅಷ್ಟು ನೀರು ಬಂದಾಗ ಹರಡಿಕೊಳ್ಳಲು ಅದಕ್ಕೊಂದು ಜಾಗ ಬೇಕೇ ಬೇಕು.

ಪ್ರಶ್ನೆ: ನಮ್ಮದು ಪುಣೆಯ ಕೋಥ್ರೂಡ್. ಮಳೆಗಾಲದಲ್ಲಿ ರಾಡಿ ಆಗುತ್ತದೆ ಅಂತ ಸೊಸೈಟಿ ಅಂಗಳಕ್ಕೆ ಪೂರ್ತಿ ಕಾಂಕ್ರೀಟ್ ಹಾಕಿಸುವ ಠರಾವು ಆಗಿದೆ. ನಾನೊಬ್ಬಳೇ ಬೇಡ ಅಂದೆ. ತಪ್ಪಾ?

ಉತ್ತರ: ತಪ್ಪಿಲ್ಲ ತಾಯಿ, ಗಟ್ಟಿಯಾಗಿ ನಿಲ್ಲಿ. ಕಮಿಟಿಗೆ ಈ ಲೆಕ್ಕ ತೋರಿಸಿ. 1,000 ಚದರ ಮೀಟರ್ ಕಾಂಕ್ರೀಟಿನ ಮೇಲೆ ಒಂದು ಗಂಟೆಯಲ್ಲಿ 50 ಮಿ.ಮೀ. ಮಳೆ ಬಿದ್ದರೆ 50,000 ಲೀಟರ್ ನೀರು. ಹತ್ತು ಸಾವಿರ ಲೀಟರಿನ ಐದು ಟ್ಯಾಂಕರ್, ಎಲ್ಲವೂ ಗೇಟಿನಿಂದ ರಸ್ತೆಗೆ. ಅಲ್ಲಿಂದ ಓಢಾಕ್ಕೆ, ಅಂದರೆ ನಮ್ಮ ಕಡೆ ಹಳ್ಳ ಅಂತೀವಲ್ಲ ಅದಕ್ಕೆ. 2019ರ ಸೆಪ್ಟೆಂಬರ್ 25ರ ರಾತ್ರಿ ಆಂಬಿಲ್ ಓಢಾ ಉಕ್ಕಿದಾಗ ಸಹಕಾರನಗರ ಕಡೆ ಏನಾಯಿತು ಅಂತ ಕಮಿಟಿಯವರಿಗೆ ನೆನಪಿರಬೇಕು. ಜೀವಗಳೇ ಹೋದವು. ಮತ್ತೆ ಅದೇ ಸೊಸೈಟಿಗಳು ಏಪ್ರಿಲ್ ಬಂದರೆ ಟ್ಯಾಂಕರಿಗೆ ದುಡ್ಡು ಕೊಡುತ್ತವೆ.

ರಾಡಿಯ ತೊಂದರೆಯೂ ನಿಜವೇ. ಗಾಡಿ ಓಡಾಡುವ ಪಟ್ಟಿಗೆ ಮಾತ್ರ ಕಲ್ಲು ಹಾಸಿ, ಸಂದಿಗೆ ಸಿಮೆಂಟ್ ಬೇಡ, ಜಲ್ಲಿ ಹಾಕಿ. ಮರದ ಬುಡ ಬಿಡಿ. ತಾರಸಿ ನೀರು ಇಳಿಯುವಲ್ಲಿ ಇಂಗುಗುಂಡಿ ತೋಡಿಸಿ. ಅದಕ್ಕೆ ಪಾಲಿಕೆಯ ಆಸ್ತಿ ತೆರಿಗೆಯಲ್ಲಿ ರಿಯಾಯಿತಿಯೂ ಇದೆ.

ಪ್ರಶ್ನೆ: ನಮ್ಮೂರು ಕುಮಟಾ, ಈಗ ಇರುವುದು ಗೋವಾದ ವಾಸ್ಕೋದಲ್ಲಿ. ಖಾಜನ್ ಗದ್ದೆಗೆ ಮಣ್ಣು ತುಂಬಿ ಸೈಟ್ ಮಾಡಿದ್ದಾರೆ, ರೇಟು ಕಡಿಮೆ. ತೆಗೆದುಕೊಳ್ಳಬಹುದಾ?

ಉತ್ತರ: ಬೇಡ. ಕೇಂದ್ರದ ಕರಾವಳಿ ನಿಯಮದಲ್ಲಿ ಗೋವಾಕ್ಕೆ ಬೇರೆಯಾಗಿಯೇ ಬರೆದಿದ್ದಾರೆ, ಖಾಜನ್ ಭೂಮಿಯಲ್ಲಿ ಅಭಿವೃದ್ಧಿ ಕಾಮಗಾರಿ ನಡೆಸುವಂತಿಲ್ಲ. 2011ರ ಅಧಿಸೂಚನೆಯಲ್ಲೇ ಅದು ಇದೆ. ದಲ್ಲಾಳಿ ಯಾವ ಕಾಗದ ತೋರಿಸಿದರೂ ಮೊದಲು ಒಳ್ಳೆ ವಕೀಲರ ಕೈಗೆ ಕೊಡಿ.

ನೀವು ಕುಮಟಾದವರು, ನಿಮಗೆ ಜಾಸ್ತಿ ಹೇಳಬೇಕಿಲ್ಲ. ಅಘನಾಶಿನಿ ದಡದಲ್ಲಿ ಕಗ್ಗ ಭತ್ತ ಬೆಳೆಯುವ ಗಜನಿ ನೋಡಿದ್ದೀರಲ್ಲ, ಖಾಜನ್ ಕೂಡ ಅದೇ. ಕಟ್ಟೆ ಕಟ್ಟಿ, ಬಾಗಿಲು ಇಟ್ಟು, ಭರತಕ್ಕೆ ಉಪ್ಪುನೀರು ತಡೆದು, ಇಳಿತಕ್ಕೆ ಒಳಗಿನ ನೀರು ಬಿಡುವ ಜಾಗ. ಊರಿನ ಮಳೆನೀರು ಬಂದು ನಿಲ್ಲುವುದೂ ಅಲ್ಲೇ. ಆ ಸೈಟಿನಲ್ಲಿ ಮನೆ ಕಟ್ಟಿದರೆ ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಭರತದ ಹೊತ್ತಿಗೇ ಜೋರು ಮಳೆ ಬಂದ ದಿನ ನೀರು ಎಲ್ಲಿಗೆ ಬರುತ್ತದೆ ಅಂತ ನಿಮ್ಮ ಊರಿನ ಹಿರಿಯರನ್ನೇ ಕೇಳಿ.