ಹೊಡೆಯದೆ ಬಿಟ್ಟ ಮರಗಳು

ಸಾಗರದ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ಹೋದ ವರ್ಷ ಅಡಿಕೆಗೆ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆಸಿದ್ದೆ. ಆದರೂ ಕೊಳೆರೋಗ ಬಂದು ಅರ್ಧ ಫಸಲು ನೆಲಕ್ಕೆ ಬಿತ್ತು. ಈ ವರ್ಷ ಹುಳಿ ಮಜ್ಜಿಗೆ ಹೊಡೆಸಿದೆ. ಪುಷ್ಯ ಮಳೆಯಲ್ಲಿ ನಡುನಡುವೆ ಬಿಸಿಲೂ ಬಂತು. ಕೊಳೆ ಸುಳಿಯಲೇ ಇಲ್ಲ. ಇದನ್ನು ಬರೆದು ಕಳಿಸಿದರೆ ನೀವು ಹಾಕಲಿಲ್ಲ. ಲ್ಯಾಬಿನಲ್ಲಿ ಮಾಡಿದರೆ ಮಾತ್ರ ಪ್ರಯೋಗವೇ?"

ಆತ್ಮೀಯರೇ, ಖಂಡಿತ ಅಲ್ಲ. ಕೊಳೆಗೆ ಹೊಡೆಯುವ ಔಷಧಿ ತೋಟದಲ್ಲೇ ಗೆಲ್ಲಬೇಕು. ನಿಮ್ಮ ಲೇಖನವನ್ನು ತಡೆದದ್ದು ನಿಮ್ಮದೇ ಒಂದು ಸಾಲು: "ನಡುನಡುವೆ ಬಿಸಿಲೂ ಬಂತು." ಕೊಳೆ ಹಬ್ಬುವುದು ಬಿಡದೆ ಸುರಿಯುವ ಮಳೆಯಲ್ಲಿ. ಗೊನೆ ಒಣಗುವಷ್ಟು ಬಿಸಿಲು ಸಿಕ್ಕರೆ ಅದರ ಜೋರು ತಾನಾಗಿಯೇ ಕಡಿಮೆಯಾಗುತ್ತದೆ. ಹಾಗಾದರೆ ಈ ಸಲ ಕಾಯಿ ಉಳಿಸಿದ್ದು ಮಜ್ಜಿಗೆಯೋ, ಬಿಸಿಲೋ? ಇದಕ್ಕೆ ಉತ್ತರ ಹೇಳುವ ಮರ ನಿಮ್ಮ ತೋಟದಲ್ಲಿ ಒಂದೂ ಇರಲಿಲ್ಲ. ಎಲ್ಲಾ ಮರಕ್ಕೂ ಮಜ್ಜಿಗೆ ಹೊಡೆಸಿಬಿಟ್ಟಿದ್ದೀರಿ.

1747ರಲ್ಲಿ ಬ್ರಿಟಿಷ್ ನೌಕಾಪಡೆಯ ಸಾಲಿಸ್ಬರಿ ಹಡಗಿನಲ್ಲಿ ಜೇಮ್ಸ್ ಲಿಂಡ್ ಎಂಬ ವೈದ್ಯರಿದ್ದರು. ನಾವಿಕರಿಗೆ ಸ್ಕರ್ವಿ ಬಂದಿತ್ತು. ವಸಡು ಕೊಳೆತು, ಮೊಣಕಾಲಿನ ಬಲ ಹೋಗಿತ್ತು. ಲಿಂಡ್ ಹೆಚ್ಚು ಕಡಿಮೆ ಒಂದೇ ಸ್ಥಿತಿಯಲ್ಲಿದ್ದ 12 ಮಂದಿಯನ್ನು ಒಂದೇ ಕಡೆ ಮಲಗಿಸಿ, ಒಂದೇ ಊಟ ಕೊಡಿಸಿದರು. ಇಬ್ಬಿಬ್ಬರಿಗೆ ಒಂದೊಂದು ಮದ್ದು. ಒಂದು ಜೋಡಿಗೆ ವಿನೆಗರ್, ಇನ್ನೊಂದಕ್ಕೆ ಸಮುದ್ರದ ನೀರು, ಮತ್ತೊಂದಕ್ಕೆ ದಿನಕ್ಕೆ 2 ಕಿತ್ತಳೆ, 1 ನಿಂಬೆ, ಹೀಗೆ. ಹಣ್ಣು 6 ದಿನಕ್ಕೇ ಮುಗಿದುಹೋಯಿತು. ಅಷ್ಟರಲ್ಲಿ ಹಣ್ಣು ತಿಂದವರಲ್ಲಿ ಒಬ್ಬ ಎದ್ದು ಕೆಲಸಕ್ಕೆ ನಿಲ್ಲುವಂತಾಗಿದ್ದ. ಹಣ್ಣಿನ ಗುಣ ಅಷ್ಟು ಬೇಗ ಕಂಡದ್ದು, ಹಣ್ಣು ಸಿಗದ ಹತ್ತು ಮಂದಿ ಪಕ್ಕದಲ್ಲೇ ಮಲಗಿದ್ದರಿಂದ ಅಲ್ವಾ?

ನಿಮ್ಮ ತೋಟದಲ್ಲೂ ಇದು ಆಗುತ್ತದೆ. ಮುಂಗಾರಿಗೆ ಮೊದಲೇ ತಲಾ 16 ಮರಗಳ 12 ತುಂಡು ಗುರುತಿಸಿ. ಸಾಲಿಗೆ ನಾಲ್ಕು, ನಾಲ್ಕು ಸಾಲು. ಲೆಕ್ಕ ಇಡುವುದು ನಡುವಿನ 4 ಮರದ್ದು ಮಾತ್ರ. ಅಂಚಿನ ಮರಗಳಿಗೆ ಪಕ್ಕದ ತುಂಡಿನ ಔಷಧಿ ಹಾರಿ ಬರುತ್ತದೆ, ಗಾಳಿ-ಮಳೆಯಲ್ಲಿ ರೋಗವೂ ಬರುತ್ತದೆ. 5 ತುಂಡಿಗೆ ಮಜ್ಜಿಗೆ, 5ಕ್ಕೆ ಬೋರ್ಡೋ, 2ಕ್ಕೆ ಬರೀ ನೀರು.

ಯಾವ ತುಂಡಿಗೆ ಯಾವುದು ಅಂತ ನೀವು ಆರಿಸಬೇಡಿ, ಚೀಟಿ ಎತ್ತಿ. ನಾವು ಆರಿಸಿದರೆ ನಂಬಿದ ಔಷಧಿಗೆ ನಮಗೇ ಗೊತ್ತಿಲ್ಲದೆ ಒಳ್ಳೆಯ ಜಾಗ ಕೊಡುತ್ತೇವೆ. ನೀರು ಬಸಿಯದ ತಗ್ಗು ಇನ್ನೊಂದರ ಪಾಲಿಗೆ ಹೋಗುತ್ತದೆ. ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೃಷಿ ಕೇಂದ್ರಕ್ಕೆ 1919ರಲ್ಲಿ ಸೇರಿದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಹೊಲದ ಪ್ರಯೋಗಕ್ಕೆ ಈ ಚೀಟಿಯ ದಾರಿ ಹಾಕಿಕೊಟ್ಟದ್ದು ಇದಕ್ಕೇ.

ಬರೀ ನೀರಿನ 2 ತುಂಡಿನ ಮಾತು ನಿಮಗೆ ಕಷ್ಟವಾಗುತ್ತದೆ, ಗೊತ್ತು. ಕಣ್ಣೆದುರೇ ಫಸಲು ಹೋಗಲಿ ಅಂತ ಬಿಡಲು ಯಾರಿಗೂ ಮನಸ್ಸು ಬರುವುದಿಲ್ಲ. ಆದರೆ ಮುಂದಿನ ಸಲ ಮಜ್ಜಿಗೆಯಲ್ಲೂ ಬೋರ್ಡೋದಲ್ಲೂ ಕೊಳೆ ಕಾಣಲಿಲ್ಲ ಅಂದುಕೊಳ್ಳಿ. ಎರಡೂ ಕೆಲಸ ಮಾಡಿದವೋ, ಆ ವರ್ಷ ರೋಗವೇ ಬರಲಿಲ್ಲವೋ? ಅದನ್ನು ಹೇಳುವುದು ಆ 2 ತುಂಡು ಮಾತ್ರ. ಅಲ್ಲಿ ಕೊಳೆ ಶುರುವಾಗಿ ನಾಲ್ಕೂ ಕಡೆ ಹರಡದಂತೆ, ಉದುರಿದ್ದನ್ನು ದಿನವೂ ಹೆಕ್ಕಿಸಿ.

ಉದುರಿದ್ದೆಲ್ಲ ಕೊಳೆಯಲ್ಲ. ಬೇರೆ ಕಾರಣಕ್ಕೂ ಕಾಯಿ ಬೀಳುತ್ತದೆ. ತೊಟ್ಟಿನ ಹತ್ತಿರ ನೀರು ತುಂಬಿದಂಥ ಕಡುಹಸಿರು ಕಲೆ, ಎರಡು ದಿನ ಬಿಟ್ಟರೆ ಮೇಲೆ ಬಿಳಿ ಬೂಷ್ಟು: ಇಂಥದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಬೋರ್ಡೋದ ನೀಲಿ ಗೊನೆಯ ಮೇಲೆ ಕಾಣುವುದರಿಂದ ಮರದ ಕೆಳಗೆ ನಿಂತು ಎಣಿಸಬೇಡಿ. ಹೆಕ್ಕಿದ ಕಾಯಿಯನ್ನು ನಂಬರು ಮಾತ್ರ ಬರೆದ ಚೀಲಕ್ಕೆ ಹಾಕಿ, ನೀಲಿ ಉಳಿಯದಂತೆ ತೊಳೆದು, ಯಾವ ನಂಬರಿಗೆ ಏನು ಹೊಡೆದದ್ದು ಅಂತ ಗೊತ್ತಿಲ್ಲದವರಿಂದ ಎಣಿಕೆ ಮಾಡಿಸಿ. ಆ ಪಟ್ಟಿ ನಿಮ್ಮ ಪೆಟ್ಟಿಗೆಯಲ್ಲೇ ಇರಲಿ.

ಮಜ್ಜಿಗೆಯನ್ನು ನಾವು ಹಗುರವಾಗಿ ನೋಡುತ್ತಿಲ್ಲ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಬುಲೆಟಿನ್ ಬರೆದದ್ದು 1910ರಲ್ಲಿ. ಮಳೆ ತಾಗದಂತೆ ಗೊನೆಗೆ ಕೊಟ್ಟೆ (ಹೊದಿಕೆ) ಕಟ್ಟುತ್ತಿದ್ದ ಹಿರಿಯರಿಗೆ ಆಗ ಮೈಲುತುತ್ತ-ಸುಣ್ಣದ ಬೋರ್ಡೋವೂ ಹೊಸದೇ.

ಕೊನೆ ಕೊಯ್ಲು ಮುಗಿದ ಮೇಲೆ 12 ತುಂಡುಗಳ ಲೆಕ್ಕವನ್ನೂ ಕಳಿಸಿ. ಮಜ್ಜಿಗೆ ಸೋತಿದ್ದರೂ ಹಾಕುತ್ತೇವೆ.